ಬಿಡಿಭಾಗಗಳ ಬೀದಿಯಲ್ಲಿ ಕ್ಯಾಮೆರಾ
ಟೋಕಿಯೋದ ಅಂಗಡಿಸಾಲಿನಿಂದ ದೆಹಲಿಯ ಪೇಟೆಗೆ ಒಂದು ಪಾಠ

ಕೈಯಿಂದ ಏನಾದರೂ ಮಾಡುವ ಹವ್ಯಾಸವಿರುವವರಿಗೆ ಜಪಾನು ದೇಶದ ಅಂಗಡಿಗಳೆಂದರೆ ಒಂದು ಯಾತ್ರಾಸ್ಥಳವಿದ್ದಂತೆ. ರೇಡಿಯೋ ಜೋಡಿಸುವವರು, ಮಣಿ ಪೋಣಿಸುವವರು, ಮರಗೆಲಸದವರು, ಬೊಂಬೆ ಹೊಲಿಯುವವರು ಎಲ್ಲರಿಗೂ ಅಲ್ಲಿ ಬೇರೆ ಬೇರೆ ಬೀದಿಗಳುಂಟು. ಈಚಿನ ವರ್ಷಗಳಲ್ಲಿ ಅನೇಕರು ಕ್ಯಾಮೆರಾ ಹಿಡಿದು ಆ ಅಂಗಡಿಗಳೊಳಗೆ ನಡೆದಾಡಿ, ಕಂಡದ್ದನ್ನೆಲ್ಲ ವಿಡಿಯೋ ಮಾಡಿ ಲೋಕಕ್ಕೆ ತೋರಿಸುತ್ತಿದ್ದಾರೆ. ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿಯೂ ಬಹಳ ಮಂದಿ ರಾತ್ರಿ ಊಟವಾದ ಮೇಲೆ ಇಂಥ ಚಿತ್ರಗಳನ್ನು ನೋಡುವವರಿದ್ದಾರೆ.

ನೋಡಿ ಸಂತೋಷಪಡುವುದು ಒಂದು. ಆ ರೀತಿಯನ್ನು ಕಲಿತು, ನಾವು ಬದುಕುತ್ತಿರುವ ದೆಹಲಿಯ ಪೇಟೆಯನ್ನು ಅದೇ ಶ್ರದ್ಧೆಯಿಂದ ಚಿತ್ರಿಸಿಕೊಳ್ಳುವುದು ಇನ್ನೊಂದು. ಎರಡನೆಯದರಿಂದ ಕಾಸಿನ ಉಪಯೋಗವೂ ಉಂಟು. ಸಂಜೆಯ ಹೊತ್ತು ಎಲ್‌ಇಡಿ ದೀಪ, ಮಿಕ್ಸಿ, ಫ್ಯಾನು ರಿಪೇರಿ ಮಾಡಿ ನಾಲ್ಕು ಕಾಸು ಸಂಪಾದಿಸುವ ಕೆಲಸಗಾರನಿಗೆ, ಮನೆಯಲ್ಲಿ ಮಣಿಸರ ಮಾಡಿ ಮಾರುವ ಗೃಹಿಣಿಗೆ, ಸರಿಯಾದ ಸಾಮಾನು ಸರಿಯಾದ ಬೆಲೆಗೆ ಎಲ್ಲಿ ಸಿಕ್ಕುತ್ತದೆಂಬ ತಿಳಿವಳಿಕೆಯೇ ಅರ್ಧ ಬಂಡವಾಳ. ತಪ್ಪು ಸಾಮಾನು ತಂದರೆ ಒಂದು ದಿನದ ಸಂಬಳವೂ ಹೋಗಿಬರುವ ಮೆಟ್ರೋ ಖರ್ಚೂ ನೀರಿನಲ್ಲಿ ಹೋದಂತೆ.

೧. ಎರಡು ಬೀದಿಗಳ ಹುಟ್ಟು

ಟೋಕಿಯೋ ನಗರದ ಅಕಿಹಾಬಾರಾ ಎಂಬ ಬಡಾವಣೆ ಎರಡನೆಯ ಮಹಾಯುದ್ಧದ ತರುವಾಯ ಬೆಳೆದದ್ದು. ಯುದ್ಧದಲ್ಲಿ ಊರು ಸುಟ್ಟುಹೋಗಿತ್ತು. ಸುದ್ದಿ ಕೇಳಲು ಜನಕ್ಕೆ ರೇಡಿಯೋ ಬೇಕಾಗಿತ್ತು, ಸಿದ್ಧ ರೇಡಿಯೋ ಕೊಳ್ಳುವ ಶಕ್ತಿ ಇರಲಿಲ್ಲ. ಹತ್ತಿರದಲ್ಲೇ ವಿದ್ಯುತ್ ಶಾಸ್ತ್ರ ಕಲಿಸುವ ಶಾಲೆಯಿತ್ತು. ಅದರ ವಿದ್ಯಾರ್ಥಿಗಳು ವಾಲ್ವು, ತಂತಿ, ಕಂಡೆನ್ಸರುಗಳನ್ನು ಕೊಂಡು ತಾವೇ ರೇಡಿಯೋ ಜೋಡಿಸಿ ಮಾರತೊಡಗಿದರು. ರಸ್ತೆಯ ಬದಿಯಲ್ಲಿ ಬಿಡಿಭಾಗಗಳ ತಳ್ಳಂಗಡಿಗಳು ಸಾಲುಗಟ್ಟಿದವು. ೧೯೪೯ರಲ್ಲಿ ಜಪಾನನ್ನು ಆಳುತ್ತಿದ್ದ ಮಿತ್ರರಾಷ್ಟ್ರಗಳ ಸೇನಾಡಳಿತವು ಬೀದಿಯಂಗಡಿಗಳನ್ನು ತೆರವು ಮಾಡಿಸಬೇಕೆಂದು ಆಜ್ಞೆ ಹೊರಡಿಸಿತು. ವ್ಯಾಪಾರಿಗಳು ಚದುರಿಹೋಗಲಿಲ್ಲ, ರೈಲು ನಿಲ್ದಾಣದ ಪಕ್ಕದಲ್ಲಿ, ಎತ್ತರಿಸಿದ ರೈಲುಹಳಿಯ ಕೆಳಗೆ ಅವರಿಗೆ ಜಾಗ ದೊರಕಿತು. ರೇಡಿಯೋ ಸೆಂಟರ್ ಎಂಬ ಆ ಮಳಿಗೆಯಲ್ಲಿ ಒಬ್ಬ ಮನುಷ್ಯ ಕೂರುವಷ್ಟೇ ಅಗಲದ ಅಂಗಡಿಗಳನ್ನು ಇಂದಿಗೂ ಕಾಣಬಹುದು.

ಈಗ ದೆಹಲಿಯನ್ನು ನೋಡೋಣ. ೧೯೪೭ರ ದೇಶವಿಭಜನೆಯಲ್ಲಿ ಪಂಜಾಬಿನಿಂದ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರಿಗೆ ಹೊಟ್ಟೆಪಾಡಿಗಾಗಿ ಊರಿನ ಹಲವು ಕಡೆ ಅಂಗಡಿಗಳನ್ನು ಕೊಟ್ಟರು. ಕೆಂಪುಕೋಟೆಯ ಎದುರಿಗಿರುವ ಲಾಜಪತ್ ರಾಯ್ ಮಾರ್ಕೆಟ್ಟು ಹಾಗೆ ಬೆಳೆದದ್ದು. ಇಂದು ಅಲ್ಲಿ ಸ್ಪೀಕರು, ಆಂಪ್ಲಿಫೈಯರು, ಕಾವಲು ಕ್ಯಾಮೆರಾ, ಟ್ರಾನ್ಸ್‌ಫಾರ್ಮರು, ರೆಸಿಸ್ಟರು ಎಲ್ಲ ಸಿಕ್ಕುತ್ತವೆ. ಅದರ ಪಕ್ಕದ ಭಾಗೀರಥ ಪ್ಯಾಲೇಸು ವಿದ್ಯುತ್ ಸಾಮಾನುಗಳ ದೊಡ್ಡ ಸಗಟು ಪೇಟೆ. ೧೮೩೬ರಲ್ಲಿ ತೀರಿಕೊಂಡ ಸರ್ಧಾನದ ಬೇಗಂ ಸಮ್ರು ಅವರ ಅರಮನೆ ಅಲ್ಲಿತ್ತು. ಕಾಲಾಂತರದಲ್ಲಿ ಭಾಗೀರಥ ಮಲ್ ಎಂಬ ವರ್ತಕರ ಕೈಗೆ ಬಂದು ಈ ಹೆಸರು ಪಡೆಯಿತು. ಹಳೆಯ ಕಂಬಗಳ ಮೇಲೆ ಇಂದು ವಿದ್ಯುತ್ ತಂತಿಗಳು ಬಳ್ಳಿಯಂತೆ ಹಬ್ಬಿವೆ.

ಹೀಗೆ ಎರಡು ದೇಶಗಳಲ್ಲಿ, ಹೆಚ್ಚುಕಡಮೆ ಒಂದೇ ಕಾಲದಲ್ಲಿ, ನೆಲೆ ಕಳೆದುಕೊಂಡವರೇ ಬಿಡಿಭಾಗಗಳ ಬೀದಿಗಳನ್ನು ಕಟ್ಟಿದರು. ನಮ್ಮ ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯನ್ನು ಕಂಡವರಿಗೆ ಈ ಬೀದಿಗಳ ಚಹರೆ ಹೊಸದೇನಲ್ಲ.

೨. ಅಲ್ಲಿ ಬೆಲೆ ಚೀಟಿಯಲ್ಲಿ, ಇಲ್ಲಿ ಬಾಯಲ್ಲಿ

ಜಪಾನಿನ ಚಿತ್ರಗಳು ನೋಡಲು ಅಷ್ಟು ಸೊಗಸಾಗಿರುವುದಕ್ಕೆ ಕ್ಯಾಮೆರಾದ ಜಾಣ್ಮೆ ಒಂದೇ ಕಾರಣವಲ್ಲ. ಅಲ್ಲಿಯ ಅಂಗಡಿಯ ಏರ್ಪಾಡೇ ಹಾಗಿದೆ. ಅಕಿಹಾಬಾರಾದಲ್ಲಿ ಸಣ್ಣ ಸಣ್ಣ ಡ್ರಾಯರುಗಳಲ್ಲಿ ಬಿಡಿಭಾಗಗಳನ್ನು ವಿಂಗಡಿಸಿ, ಪ್ರತಿಯೊಂದಕ್ಕೂ ಹೆಸರು, ಅಳತೆ, ಬೆಲೆ ಬರೆದಿರುತ್ತಾರೆ. ೧೯೭೬ರಲ್ಲಿ ಪ್ರಾರಂಭವಾದ ಟೋಕ್ಯು ಹ್ಯಾಂಡ್ಸ್ ಎಂಬ ಸಂಸ್ಥೆ ಮರ, ಚರ್ಮ, ಲೋಹ, ಬಣ್ಣ, ಉಪಕರಣಗಳನ್ನೆಲ್ಲ ಒಂದೇ ಸೂರಿನ ಕೆಳಗೆ ತಂದಿತು; ೨೦೨೨ರಿಂದ ಅದರ ಹೆಸರು ಹ್ಯಾಂಡ್ಸ್ ಎಂದಷ್ಟೇ ಆಗಿದೆ. ನಿಪ್ಪೋರಿಯಲ್ಲಿ ಬಟ್ಟೆಯ ಬೀದಿ, ಅಸಾಕುಸಾಬಾಶಿಯಲ್ಲಿ ಮಣಿಗಳ ಬೀದಿ. ೨೦೨೧ರ ಏಪ್ರಿಲಿನಿಂದ ತೆರಿಗೆ ಸೇರಿಸಿದ ಪೂರ್ತಿ ಬೆಲೆಯನ್ನು ಗಿರಾಕಿಗೆ ತೋರಿಸಬೇಕೆಂಬ ನಿಯಮವೂ ಅಲ್ಲಿದೆ. ಆದಕಾರಣ ಕ್ಯಾಮೆರಾ ಸುಮ್ಮನೆ ಡ್ರಾಯರಿನ ಮುಂದೆ ಹಾದುಹೋದರೂ ನೋಡುವವನಿಗೆ ಎಲ್ಲ ತಿಳಿಯುತ್ತದೆ.

ದೆಹಲಿಯಲ್ಲಿ ಹಾಗಲ್ಲ. ಸಾಮಾನು ಗಲ್ಲೆಯ ಹಿಂದೆ, ಅಟ್ಟದ ಮೇಲೆ, ಇಲ್ಲವೆ ಪಕ್ಕದ ಗಲ್ಲಿಯ ಗೋದಾಮಿನಲ್ಲಿ ಇರುತ್ತದೆ. ಬೆಲೆ ಅಂಗಡಿಯವನ ಬಾಯಲ್ಲಿರುತ್ತದೆ. ನೀವು ಹೆಸರು ಹೇಳಿದರೆ ಹುಡುಗ ತಂದುಕೊಡುತ್ತಾನೆ. ಹೆಸರೇ ಗೊತ್ತಿಲ್ಲದವನಿಗೆ ಅಂಗಡಿ ತೆರೆದಿದ್ದರೂ ಮುಚ್ಚಿದಂತೆಯೇ. ಊರಿನಿಂದ ಹೊಸದಾಗಿ ಬಂದ ನಮ್ಮವರು ಇಲ್ಲಿ ತಡವರಿಸುವುದು ಹಣವಿಲ್ಲದೆ ಅಷ್ಟಲ್ಲ, ಮಾತಿಲ್ಲದೆ.

ಆದುದರಿಂದ ದೆಹಲಿಯಲ್ಲಿ ತೆಗೆಯುವ ಚಿತ್ರಕ್ಕೆ ಮಾತು ಬಹಳ ಮುಖ್ಯ. ವಸ್ತುವನ್ನು ತೋರಿಸಿ, ಅದರ ಕನ್ನಡದ ಹೆಸರನ್ನೂ ಪೇಟೆಯ ಹೆಸರನ್ನೂ ಒಟ್ಟಿಗೆ ಹೇಳಬೇಕು. ಕೆಲವು ಮಾದರಿಗಳನ್ನು ಕೊಡುತ್ತೇವೆ. ಬೆಸುಗೆಗೆ ಪೇಟೆಯಲ್ಲಿ ಟಾಂಕಾ ಎನ್ನುತ್ತಾರೆ, ತವರಕ್ಕೆ ರಾಂಗಾ, ತಿರುಪುಳಿಗೆ ಪೇಚ್‌ಕಸ್, ಇಕ್ಕಳಕ್ಕೆ ಪ್ಲಾಸ್, ಮಣಿಗೆ ಮೋತಿ, ಸೀರೆಯ ಅಂಚಿಗೆ ಹಚ್ಚುವ ಜರಿಪಟ್ಟಿಗೆ ಗೋಟಾ. ಗುಂಡಿ ಮೊದಲಾದ ಸಣ್ಣ ಸಾಮಾನುಗಳನ್ನು ಗ್ರೋಸ್ ಲೆಕ್ಕದಲ್ಲಿ ಮಾರುವುದುಂಟು. ಒಂದು ಗ್ರೋಸ್ ಎಂದರೆ ೧೨ ಡಜನ್, ಅಂದರೆ ೧೪೪. ಇದು ತಿಳಿಯದೆ ಒಂದು ಗ್ರೋಸಿನ ಬೆಲೆಯನ್ನು ಒಂದು ಡಜನ್ನಿನ ಬೆಲೆಯೆಂದು ಭ್ರಮಿಸಿ ಗಿರಾಕಿ ಬೆಚ್ಚಿ ಹಿಂದಿರುಗುವುದುಂಟು.

೩. ಹೊರಡುವ ಮೊದಲು

ಮೊದಲು ವಾರದ ರಜೆ ವಿಚಾರಿಸಿಕೊಳ್ಳಿ. ಚಾಂದನಿ ಚೌಕ, ಲಾಜಪತ್ ರಾಯ್ ಮಾರ್ಕೆಟ್ಟು, ಭಾಗೀರಥ ಪ್ಯಾಲೇಸು, ನೆಹರೂ ಪ್ಲೇಸು ಸಾಮಾನ್ಯವಾಗಿ ಭಾನುವಾರ ಮುಚ್ಚಿರುತ್ತವೆ. ಕರೋಲ್ ಬಾಗಿನ ಕಡೆ ಸೋಮವಾರ. ಕಚೇರಿಯ ಗುಮಾಸ್ತರಿಗೆ ಶನಿವಾರ ಅನುಕೂಲ. ಕಾರ್ಖಾನೆಯವರು ತಮ್ಮ ರಜೆಗೆ ತಕ್ಕ ಪೇಟೆಯನ್ನು ಆರಿಸಿಕೊಳ್ಳಬಹುದು. ಗುರುಗ್ರಾಮದವರು ಹಳದಿ ಮಾರ್ಗದಲ್ಲಿ ನೇರವಾಗಿ ಚಾಂದನಿ ಚೌಕಕ್ಕೆ ಬರಬಹುದು. ಆರ್.ಕೆ. ಪುರಂ, ಮುನಿರ್ಕಾ ಕಡೆಯವರು ಹೌಜ್ ಖಾಸ್‌ನಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಬೇಕು. ನೋಯ್ಡಾದವರು ನೀಲಿ ಮಾರ್ಗದಿಂದ ಮಂಡಿ ಹೌಸಿನಲ್ಲಿ ಇಳಿದು ನೇರಳೆ ಮಾರ್ಗ ಹಿಡಿದರೆ ೨೦೧೭ರಲ್ಲಿ ತೆರೆದ ಲಾಲ್ ಕಿಲಾ ನಿಲ್ದಾಣ ಪೇಟೆಯ ಬಾಗಿಲಲ್ಲೇ ಇದೆ. ಮೆಟ್ರೋದೊಳಗೆ ವಿಡಿಯೋ ತೆಗೆಯುವುದಕ್ಕೆ ನಿಷೇಧವಿದೆ. ಕ್ಯಾಮೆರಾವನ್ನು ಹೊರಗೆ ಬಂದ ಮೇಲೆ ತೆರೆಯಿರಿ. ಕೋಟೆಯ ಸುತ್ತ ಪೊಲೀಸು ಕಾವಲು ಬಿಗಿ. ಅವರು ನಿಲ್ಲಿಸೆಂದರೆ ವಾದಕ್ಕೆ ನಿಲ್ಲದೆ ನಿಲ್ಲಿಸಿ.

ಯಾವ ಅಂಗಡಿಗೆ ಹೋಗುವುದಾದರೂ ಒಂದು ಕೊಳ್ಳುವ ಪಟ್ಟಿ ಇರಲಿ. ಸುಮ್ಮನೆ ಚಿತ್ರ ತೆಗೆಯುವವನಿಗಿಂತ ಎರಡು ರೂಪಾಯಿ ಸಾಮಾನು ಕೊಳ್ಳುವವನಿಗೆ ಅಂಗಡಿಯವರು ಹೆಚ್ಚು ಪ್ರೀತಿಯಿಂದ ವಿವರಿಸುತ್ತಾರೆ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೆ ಹೋಗಿ ಕ್ಯಾಮೆರಾ ಹಿಡಿಯಬಾರದು. ಅದು ಬೋಣಿಯ ಹೊತ್ತು. ಸಂಜೆಯ ನೂಕುನುಗ್ಗಲೂ ಬೇಡ. ಹನ್ನೆರಡರಿಂದ ಮೂರು ಗಂಟೆಯೊಳಗೆ ಹೋಗುವುದು ಮೇಲು.

೪. ಚಿತ್ರ ತೆಗೆಯುವ ಕ್ರಮ

ಒಂದು ಅಂಗಡಿಗೆ ಐದು ತುಣುಕುಗಳು ಸಾಕು.

ಮೊದಲನೆಯದು ದಾರಿ. ಮೆಟ್ರೋ ಬಾಗಿಲು, ದೇವಸ್ಥಾನ, ಗಡಿಯಾರ, ದೊಡ್ಡ ಫಲಕ ಇಂಥ ಗುರುತುಗಳನ್ನು ಕ್ರಮವಾಗಿ ತೋರಿಸಿ. ಚಾಂದನಿ ಚೌಕದಲ್ಲಾದರೆ ಲಾಲ್ ಮಂದಿರವೂ ಗೌರಿಶಂಕರ ಮಂದಿರವೂ ತಪ್ಪದ ಗುರುತುಗಳು. ೨೦೨೧ರಲ್ಲಿ ಆ ರಸ್ತೆಯನ್ನು ನವೀಕರಿಸಿ, ಹಗಲು ಹೊತ್ತು ಮೋಟಾರು ವಾಹನಗಳನ್ನು ನಿಷೇಧಿಸಿರುವುದರಿಂದ ನಡೆದು ಚಿತ್ರಿಸಲು ಅನುಕೂಲವಾಗಿದೆ.

ಎರಡನೆಯದು ಅಂಗಡಿಯ ಮುಖ. ಫಲಕವೂ ಅಂಗಡಿಯ ಸಂಖ್ಯೆಯೂ ಓದಲು ಬರುವಷ್ಟು ಹೊತ್ತು, ಕಡಮೆಯೆಂದರೆ ಎಂಟು ಹತ್ತು ಸೆಕೆಂಡು, ಕೈ ಅಲುಗಿಸದೆ ನಿಲ್ಲಬೇಕು. ಹೊಸಬರು ಕ್ಯಾಮೆರಾವನ್ನು ಬೀಸಣಿಗೆಯಂತೆ ಆಡಿಸುತ್ತಾರೆ. ಆ ಚಿತ್ರದಿಂದ ತಲೆನೋವು ಬರುವುದೇ ಹೊರತು ವಿಳಾಸ ತಿಳಿಯುವುದಿಲ್ಲ.

ಮೂರನೆಯದು ಕಪಾಟುಗಳು. ಎಡದಿಂದ ಬಲಕ್ಕೆ, ಪುಸ್ತಕ ಓದುವ ವೇಗದಲ್ಲಿ ಸಾಗಿರಿ.

ನಾಲ್ಕನೆಯದು ವಸ್ತು. ಇದನ್ನು ಅಂಗೈಯಲ್ಲಿಟ್ಟು ಹತ್ತಿರದಿಂದ ತೆಗೆಯಬೇಕು. ಪಕ್ಕದಲ್ಲಿ ಒಂದು ಉಕ್ಕಿನ ಅಳತೆಪಟ್ಟಿಯಿರಲಿ. ಇಲ್ಲವಾದರೆ ಹತ್ತು ರೂಪಾಯಿ ನಾಣ್ಯವನ್ನಿಡಿ. ಅದರ ವ್ಯಾಸ ೨೭ ಮಿಲಿಮೀಟರು. ನೋಡುವವನಿಗೆ ವಸ್ತುವಿನ ಗಾತ್ರ ಅದರಿಂದಲೇ ತಿಳಿಯುತ್ತದೆ. ರೆಸಿಸ್ಟರಿನ ಮೇಲೆ ಬಣ್ಣದ ಪಟ್ಟಿಗಳಿರುತ್ತವೆ. ಹಳದಿ, ನೇರಳೆ, ಕೆಂಪು ಬಣ್ಣಗಳು ಸಾಲಾಗಿದ್ದರೆ ೪,೭೦೦ ಓಮ್. ಮೂರನೆಯ ಪಟ್ಟಿ ಕಿತ್ತಳೆಯಾದರೆ ಅದೇ ೪೭,೦೦೦ ಓಮ್ ಆಗುತ್ತದೆ. ಹಳದಿ ದೀಪದ ಕೆಳಗೆ ಕೆಂಪಿಗೂ ಕಿತ್ತಳೆಗೂ ಭೇದ ಕಾಣಿಸದು. ಆದ್ದರಿಂದ ಇಂಥ ವಸ್ತುವನ್ನು ಬಿಳಿಯ ಕಾಗದದ ಮೇಲಿಟ್ಟು ಹಗಲು ಬೆಳಕಿಗೆ ತರಬೇಕು.

ಐದನೆಯದು ಮಾತು. ವಸ್ತುವಿನ ಹೆಸರು, ಕೇಳಿದ ಬೆಲೆ, ಎಷ್ಟು ಕೊಂಡರೆ ಆ ಬೆಲೆ, ಆ ದಿನದ ತಾರೀಖು ಇವನ್ನು ನೀವೇ ಸ್ಪಷ್ಟವಾಗಿ ಹೇಳಿ. ತಾರೀಖಿಲ್ಲದ ಬೆಲೆ ಆರು ತಿಂಗಳಾದ ಮೇಲೆ ಜಗಳಕ್ಕೆ ಕಾರಣ. ಪೇಟೆಯ ಗದ್ದಲದಲ್ಲಿ ಫೋನಿನ ಮೈಕಿಗೆ ನಿಮ್ಮ ಮಾತು ಮುಟ್ಟುವುದಿಲ್ಲ. ಫೋನನ್ನು ಬಾಯಿಗೆ ಒಂದು ಗೇಣು ಹತ್ತಿರ ತನ್ನಿ, ಇಲ್ಲವೆ ಮನೆಗೆ ಬಂದ ಮೇಲೆ ಮಾತನ್ನು ಬೇರೆಯಾಗಿ ಸೇರಿಸಿ.

೫. ದೀಪದ ಮಿಣುಕು ಮತ್ತು ವಿದ್ಯುತ್ತಿನ ಭೇದ

ಅಂಗಡಿಯ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಓಡುವುದನ್ನು ನೀವು ಕಂಡಿರಬಹುದು. ಅದಕ್ಕೆ ಕಾರಣ ವಿದ್ಯುತ್ತು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನೆ ಮಾಡುತ್ತದೆ. ಪ್ರತಿ ಆವರ್ತನೆಯಲ್ಲೂ ಎರಡು ಸಲ ಏರಿಳಿಯುವುದರಿಂದ ಅಗ್ಗದ ದೀಪಗಳು ಸೆಕೆಂಡಿಗೆ ೧೦೦ ಸಲ ಮಿಣುಕುತ್ತವೆ. ಕಣ್ಣಿಗೆ ಇದು ತಿಳಿಯದು, ಕ್ಯಾಮೆರಾಕ್ಕೆ ತಿಳಿಯುತ್ತದೆ. ಫೋನಿನಲ್ಲಿ ಸೌಲಭ್ಯವಿದ್ದರೆ ಸೆಕೆಂಡಿಗೆ ೨೫ ಚೌಕಟ್ಟು, ಷಟರು ೧/೫೦ ಅಥವಾ ೧/೧೦೦ ಎಂದು ಇಟ್ಟುಕೊಳ್ಳಿ, ಪಟ್ಟೆಗಳು ಮಾಯವಾಗುತ್ತವೆ.

ಜಪಾನಿನಲ್ಲಿ ಒಂದು ವಿಚಿತ್ರವಿದೆ. ಒಂದೇ ದೇಶದಲ್ಲಿ ಎರಡು ಬಗೆಯ ವಿದ್ಯುತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಟೋಕಿಯೋದವರು ಜರ್ಮನಿಯ ಯಂತ್ರಗಳನ್ನು, ಓಸಾಕಾದವರು ಅಮೆರಿಕದ ಯಂತ್ರಗಳನ್ನು ತರಿಸಿದರು. ಆದ್ದರಿಂದ ಇಂದಿಗೂ ಪೂರ್ವದಲ್ಲಿ ೫೦, ಪಶ್ಚಿಮದಲ್ಲಿ ೬೦ ಆವರ್ತನೆ. ಟೋಕಿಯೋದಲ್ಲಿ ಸರಿಹೋದ ಷಟರು ಓಸಾಕಾದ ನಿಪ್ಪೊಂಬಾಶಿ ಪೇಟೆಯಲ್ಲಿ ಪಟ್ಟೆ ಹೊಡೆಯುತ್ತದೆ. ಅಲ್ಲಿ ೧/೬೦ ಅಥವಾ ೧/೧೨೦ ಬೇಕು.

ಇದಕ್ಕಿಂತಲೂ ಮುಖ್ಯವಾದ ಭೇದ ಒತ್ತಡದ್ದು. ಜಪಾನಿನ ಮನೆಗಳಲ್ಲಿ ೧೦೦ ವೋಲ್ಟು, ನಮ್ಮಲ್ಲಿ ೨೩೦ ವೋಲ್ಟು. ಅಲ್ಲಿಯ ಚಿತ್ರವನ್ನು ನೋಡಿ ಅದೇ ಪಟ್ಟಿಯನ್ನು ಇಲ್ಲಿ ಬರೆದುಕೊಂಡು ಹೋಗುವವರು ಈ ಲೆಕ್ಕವನ್ನು ಚೆನ್ನಾಗಿ ಮನನ ಮಾಡಬೇಕು. ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ ಪರಿವರ್ತಿಸಿದಾಗ ಕೆಪಾಸಿಟರಿನ ಮೇಲೆ ಬೀಳುವ ಗರಿಷ್ಠ ಒತ್ತಡವು ಮೂಲ ಒತ್ತಡದ ೧.೪೧೪ ಪಟ್ಟು. ೧೦೦ ವೋಲ್ಟಿಗೆ ಅದು ೧೪೧. ೨೩೦ ವೋಲ್ಟಿಗೆ ೩೨೫. ಅಲ್ಲಿ ೨೦೦ ವೋಲ್ಟಿನ ಕೆಪಾಸಿಟರು ನಿಶ್ಚಿಂತೆಯಿಂದ ಕೆಲಸ ಮಾಡೀತು. ಅದನ್ನೇ ನಮ್ಮ ಎಲ್‌ಇಡಿ ದೀಪದೊಳಗೆ ಹಾಕಿದರೆ ಸಿಡಿಯುತ್ತದೆ, ಕಣ್ಣಿಗೆ ಹಾನಿಯಾಗಬಹುದು. ನಮಗೆ ೪೦೦ ವೋಲ್ಟಿನದು ಬೇಕು. ಹಾಗೆಯೇ ೧೦೦ ವೋಲ್ಟಿನ ಜಪಾನೀ ಬೆಸುಗೆ ಕಡ್ಡಿಯನ್ನು ಯಾರಾದರೂ ಉಡುಗೊರೆ ತಂದುಕೊಟ್ಟರೆ ನಮ್ಮ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಬೇಡಿ; ಐದು ಪಟ್ಟಿಗೂ ಮಿಕ್ಕಿ ಶಕ್ತಿ ಹರಿದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಚಿತ್ರ ತೆಗೆಯುವಾಗ ಕೆಪಾಸಿಟರಿನ ಮೈಮೇಲೆ ಅಚ್ಚಾದ ವೋಲ್ಟಿನ ಅಂಕಿಯನ್ನು ತಪ್ಪದೆ ತೋರಿಸಿರಿ.

೬. ಬೆಲೆ ಮತ್ತು ಬಿಲ್ಲು

ಸಗಟು ಅಂಗಡಿಯಲ್ಲಿ ಹೇಳುವ ಬೆಲೆ ಸಾಮಾನ್ಯವಾಗಿ ಜಿಎಸ್‌ಟಿ ಬಿಟ್ಟು. ತೆರಿಗೆ ಸೇರಿಯೋ ಬಿಟ್ಟೋ ಎಂದು ಮೊದಲೇ ಕೇಳಿ, ಆ ಉತ್ತರವನ್ನೂ ಚಿತ್ರದಲ್ಲಿ ಹೇಳಿ. ಪಕ್ಕಾ ಬಿಲ್ಲು, ಕಚ್ಚಾ ಚೀಟಿ ಎಂಬ ಎರಡು ಮಾತು ಪೇಟೆಯಲ್ಲಿವೆ. ಕಚ್ಚಾ ಚೀಟಿಯಲ್ಲಿ ಕೊಂಡ ಸಾಮಾನು ಕೆಟ್ಟರೆ ಹಿಂದಿರುಗಿಸಲು ಆಧಾರವಿರುವುದಿಲ್ಲ. ಒಂದೇ ಅಂಗಡಿಯ ಬೆಲೆಯನ್ನು ಪೇಟೆಯ ಬೆಲೆಯೆಂದು ಸಾರಬೇಡಿ. ಮೂರು ಕಡೆ ಕೇಳಿದ ಮೇಲೆ ಇಷ್ಟರಿಂದ ಇಷ್ಟರವರೆಗೆ ಎಂದು ಹೇಳುವುದು ನ್ಯಾಯ. ನಮಗೆ ಉಪಕಾರ ಮಾಡಿ ಕಡಮೆಗೆ ಕೊಟ್ಟ ವ್ಯಾಪಾರಿಯ ಬೆಲೆಯನ್ನು ಅವನ ಫಲಕದೊಡನೆ ಊರಿಗೆಲ್ಲ ತೋರಿಸಿದರೆ ಅವನಿಗೆ ನೆರೆಯವರೊಡನೆ ನಿಷ್ಠುರ. ಅಂಥಲ್ಲಿ ಬೆಲೆಯನ್ನು ಹೇಳಿ, ಫಲಕವನ್ನು ಬಿಡಬಹುದು.

೭. ಮರ್ಯಾದೆ

ಜಪಾನಿನ ಅನೇಕ ಅಂಗಡಿಗಳಲ್ಲಿ ‘ಸಾತ್ಸುಯೇ ಕಿನ್ಶಿ’, ಅಂದರೆ ಚಿತ್ರಗ್ರಹಣ ನಿಷಿದ್ಧ ಎಂಬ ಫಲಕವಿರುತ್ತದೆ. ಕೇಳದೆ ಪರರ ಮುಖವನ್ನು ತೋರಿಸುವುದು ಅಲ್ಲಿ ಅಸಭ್ಯ. ಆದ್ದರಿಂದಲೇ ಒಳ್ಳೆಯ ಚಿತ್ರಗಳಲ್ಲಿ ಕೈಗಳು, ವಸ್ತುಗಳು ಕಾಣುತ್ತವೆ, ಮುಖಗಳು ಮಸುಕಾಗಿರುತ್ತವೆ. ಅಲ್ಲಿ ಮಾರುವ ಫೋನುಗಳಲ್ಲಿ ಚಿತ್ರ ತೆಗೆದಾಗ ಆಗುವ ಸದ್ದನ್ನು ಅಡಗಿಸಲು ಬಾರದಂತೆ ತಯಾರಕರು ಮಾಡಿರುವುದು ವಾಡಿಕೆ.

ನಮ್ಮಲ್ಲಿ ಇದು ಇನ್ನೂ ಅಗತ್ಯ. ಗಲ್ಲೆಯ ಮೇಲೆ ಕುಳಿತ ಸೇಠರು ಒಪ್ಪಿದರೆ ಸಾಲದು. ಮೂಟೆ ಹೊರುವವನು, ಸಾಮಾನು ತಂದುಕೊಡುವ ಹುಡುಗ, ಅವರೂ ನಮ್ಮಂತೆಯೇ ಪರಊರಿನಿಂದ ಬಂದ ದುಡಿಮೆಗಾರರು. ಎಲ್ಲಿ, ಯಾವ ಕೆಲಸದಲ್ಲಿದ್ದೇನೆಂದು ಊರಿನವರಿಗೆ ತಿಳಿಯಬಾರದೆಂಬ ಇಚ್ಛೆ ಅವರಿಗಿರಬಹುದು. ‘ಭಾಯಿಸಾಹಬ್, ನಿಮ್ಮ ಕೈ ಮಾತ್ರ ತೆಗೆಯಲೇ?’ ಎಂದು ಅವರನ್ನೂ ಕೇಳಬೇಕು.

೮. ಚಿತ್ರ ಉಳಿಯುವುದೇಕೆ

ಪೇಟೆ ಶಾಶ್ವತವೆಂದು ನಾವು ತಿಳಿದಿರುತ್ತೇವೆ. ಅಕಿಹಾಬಾರಾದ ರೇಡಿಯೋ ಸ್ಟೋರ್ ಎಂಬ ಹಳೆಯ ಮಳಿಗೆ ೨೦೧೩ರ ನವೆಂಬರಿನಲ್ಲಿ ಮುಚ್ಚಿತು. ಇಂದು ಆ ಬಡಾವಣೆಯನ್ನು ಜನ ಬೊಂಬೆ, ಆಟ, ಚಿತ್ರಕಥೆಗಳಿಗಾಗಿಯೇ ಹೆಚ್ಚಾಗಿ ಹುಡುಕಿಕೊಂಡು ಹೋಗುತ್ತಾರೆ. ಹಳೆಯ ಅಂಗಡಿಗಳ ಒಳಾಂಗಣ ಈಗ ಚಿತ್ರಗಳಲ್ಲಿ ಮಾತ್ರ.

ದೆಹಲಿಯಲ್ಲಿ ಬೆಂಕಿಯೇ ದೊಡ್ಡ ಶತ್ರು. ೨೦೨೨ರ ಜನವರಿಯಲ್ಲಿ ಲಾಜಪತ್ ರಾಯ್ ಮಾರ್ಕೆಟ್ಟಿನ ಅನೇಕ ಅಂಗಡಿಗಳು ಸುಟ್ಟವು. ಅದೇ ವರ್ಷ ನವೆಂಬರ್ ೨೪ರ ರಾತ್ರಿ ಭಾಗೀರಥ ಪ್ಯಾಲೇಸಿನಲ್ಲಿ ಹೊತ್ತಿದ ಬೆಂಕಿ ದಿನಗಟ್ಟಲೆ ಆರಲಿಲ್ಲ. ನೂರಕ್ಕೂ ಹೆಚ್ಚು ಅಂಗಡಿಗಳು ನಾಶವಾದವು. ಗಲ್ಲಿಗಳು ಇಕ್ಕಟ್ಟು, ಕಟ್ಟಡಗಳು ಹಳೆಯವು, ತಲೆಯ ಮೇಲೆ ತಂತಿಗಳ ಗೋಜಲು. ಮಾಲು ಸುಟ್ಟ ವ್ಯಾಪಾರಿಗೆ ನಷ್ಟ. ಅಲ್ಲಿ ದುಡಿಯುತ್ತಿದ್ದ ಹುಡುಗನಿಗೆ ಕೆಲಸವೇ ಇಲ್ಲ.

ಆದುದರಿಂದ ಚಿತ್ರ ತೆಗೆಯುವವನು ಎರಡು ವಿಷಯಗಳನ್ನು ಅಭ್ಯಾಸಮಾಡಿಕೊಳ್ಳಬೇಕು. ಮೊದಲನೆಯದಾಗಿ, ಒಳಗೆ ಹೋಗುವ ದಾರಿಯೊಂದಿಗೆ ಹೊರಗೆ ಬರುವ ದಾರಿಯನ್ನೂ ತೋರಿಸುವುದು: ಮೆಟ್ಟಿಲು ಎಲ್ಲಿದೆ, ಎರಡನೆಯ ಬಾಗಿಲಿದೆಯೇ, ಅದರ ಮುಂದೆ ಮೂಟೆಗಳನ್ನು ಒಟ್ಟಿದ್ದಾರೆಯೇ ಎಂದು ಕಣ್ಣಿಟ್ಟು ನೋಡುವುದು. ಎರಡನೆಯದಾಗಿ, ಮಹಡಿಯ ಇಕ್ಕಟ್ಟಾದ ಓಣಿಯಲ್ಲಿ ಚಿತ್ರಕ್ಕಾಗಿ ನಿಂತು ಜನರ ದಾರಿಯನ್ನು ಕಟ್ಟದಿರುವುದು.

ಚಿತ್ರವನ್ನು ಕಾಯ್ದಿಡುವುದೂ ಪಾಠದ ಭಾಗವೇ. ಸಾಧಾರಣ ಸ್ಫುಟತೆಯಲ್ಲಿ ಒಂದು ನಿಮಿಷದ ವಿಡಿಯೋಗೆ ಫೋನಿಗೆ ತಕ್ಕಂತೆ ಸುಮಾರು ೬೦ರಿಂದ ೧೩೦ ಎಂಬಿ ಜಾಗ ಹಿಡಿಯುತ್ತದೆ. ಒಂದು ಅಂಗಡಿಗೆ ಮೂರು ನಿಮಿಷದಂತೆ ಹತ್ತು ಅಂಗಡಿಗಳಿಗೆ ಎರಡರಿಂದ ನಾಲ್ಕು ಜಿಬಿ. ಆದುದರಿಂದ ಬೇಡದ್ದನ್ನು ಆ ರಾತ್ರಿಯೇ ಅಳಿಸಿ, ಉಳಿದುದಕ್ಕೆ ಪೇಟೆ, ಅಂಗಡಿಯ ಸಂಖ್ಯೆ, ವಸ್ತು, ತಾರೀಖು ಈ ಕ್ರಮದಲ್ಲಿ ಹೆಸರಿಡಿ. ಹೆಸರಿಲ್ಲದ ನೂರು ಚಿತ್ರಗಳಿಗಿಂತ ಹೆಸರುಳ್ಳ ಹತ್ತು ಲೇಸು.

ಅಭ್ಯಾಸ

೧. ನಿಮ್ಮ ಕೆಲಸಕ್ಕೆ ಅಥವಾ ಹವ್ಯಾಸಕ್ಕೆ ಬೇಕಾದ ಹತ್ತು ವಸ್ತುಗಳ ಕನ್ನಡದ ಹೆಸರುಗಳನ್ನು ಬರೆದು, ಎದುರಿಗೆ ದೆಹಲಿಯ ಪೇಟೆಯ ಹೆಸರುಗಳನ್ನು ಬರೆಯಿರಿ. ಗೊತ್ತಿಲ್ಲದವನ್ನು ಅಂಗಡಿಯಲ್ಲೇ ಕೇಳಿ ತುಂಬಿರಿ.

೨. ಒಂದು ಅಂಗಡಿಯನ್ನು ಮೇಲೆ ಹೇಳಿದ ಐದು ತುಣುಕುಗಳಲ್ಲಿ, ಮೂರು ನಿಮಿಷ ಮೀರದಂತೆ ಚಿತ್ರಿಸಿರಿ. ಆ ಪೇಟೆಯನ್ನು ಕಾಣದ ಗೆಳೆಯನಿಗೆ ತೋರಿಸಿ, ಅವನು ಒಬ್ಬನೇ ಹೋಗಿ ಆ ವಸ್ತುವನ್ನು ತರಬಲ್ಲನೇ ಪರೀಕ್ಷಿಸಿರಿ. ತರಲಾರದೆ ಹಿಂದಿರುಗಿದರೆ ಯಾವ ತುಣುಕಿನಲ್ಲಿ ಕೊರತೆಯಾಯಿತೆಂದು ಅವನನ್ನೇ ಕೇಳಿರಿ.

೩. ೧೧೦ ವೋಲ್ಟಿನ ದೇಶದಲ್ಲಿ ಕೆಪಾಸಿಟರಿನ ಮೇಲೆ ಬೀಳುವ ಗರಿಷ್ಠ ಒತ್ತಡವೆಷ್ಟು? ಅಲ್ಲಿಯ ೨೫೦ ವೋಲ್ಟಿನ ಕೆಪಾಸಿಟರು ನಮ್ಮ ದೀಪಕ್ಕೆ ಆದೀತೇ? ಕಾರಣ ಸಹಿತ ಉತ್ತರಿಸಿರಿ.

೪. ಕಿನಾರಿ ಬಜಾರಿನ ಜರಿ, ಸದರ್ ಬಜಾರಿನ ಮಣಿ, ಚಾವಡಿ ಬಜಾರಿನ ಕಾಗದ, ಕೀರ್ತಿ ನಗರದ ಮರ: ಇವುಗಳಲ್ಲಿ ಯಾವುದಾದರೊಂದನ್ನು ಆರಿಸಿಕೊಂಡು, ಹೊರಡುವ ಮೊದಲು ವಿಚಾರಿಸಬೇಕಾದ ಪ್ರಶ್ನೆಗಳ ಪಟ್ಟಿಯನ್ನು ತಯಾರಿಸಿರಿ.

ಮುಗಿಸಿದ ಚಿತ್ರಗಳ ಪಟ್ಟಿಯನ್ನು ವಾಚನಾಲಯದ ಮೇಜಿನ ಮೇಲಿರುವ ವಹಿಯಲ್ಲಿ ಬರೆದಿಟ್ಟರೆ, ನಾಳೆ ಊರಿನಿಂದ ಬಂದಿಳಿಯುವ ಹುಡುಗನು ಮೊದಲನೆಯ ದಿನವೇ ಬೇಕಾದ ಅಂಗಡಿಯ ಮುಂದೆ ನಿಂತು, ಬೇಕಾದ ಹೆಸರನ್ನು ಧೈರ್ಯವಾಗಿ ಹೇಳಿಯಾನು.